ರೊಟ್ಟಿಗೆ ಹಚ್ಚಿಕೊಳ್ಳಲು ಏನಿದೆ?

1877ರ ಜನವರಿ. ಧಾತು ಸಂವತ್ಸರದ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತ್ತು. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳೆಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ಪ್ರಾಂತ್ಯದಲ್ಲಿ ಹಸಿವಿಗೆ ಅತಿ ಹೆಚ್ಚು ಜೀವ ತೆತ್ತ ಜಿಲ್ಲೆಗಳಲ್ಲಿ ಅದೂ ಒಂದು. ವೈಸ್‌ರಾಯ್ ಲಿಟ್ಟನ್ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಗಳಲ್ಲಿ ಕಲ್ಲೊಡೆದು ಮಣ್ಣು ಹೊರುವ ಆಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ, ಜೊತೆಗೊಂದಿಷ್ಟು ಚಿಲ್ಲರೆ ಎಂಬ ಮಟ್ಟಕ್ಕೆ ಇಳಿಸಿದ. ಅದಕ್ಕೂ ಮುಂಚೆ ಸಿಗುತ್ತಿದ್ದದ್ದು ಒಂದೂವರೆ ಪೌಂಡ್. ಬೊಕ್ಕಸ ಉಳಿಸಲು ಹೊರಟವರಿಗೆ ಆ ಅರ್ಧ ಪೌಂಡ್ ದೊಡ್ಡ ಉಳಿತಾಯವಾಗಿ ಕಂಡಿತ್ತು.

ಇದನ್ನು ಎದುರಿಸಿ ನಿಂತವನು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ವಿಲಿಯಂ ಕಾರ್ನಿಷ್. ದಕ್ಷಿಣದ ಜನ ಏನು ಉಣ್ಣುತ್ತಾರೆ, ಜೈಲಿನ ಕೈದಿಗಳಿಗೆ ಎಷ್ಟು ಉಣಬಡಿಸಬೇಕು ಎಂಬುದನ್ನು ಅವನು ಮೊದಲೇ ಅಧ್ಯಯನ ಮಾಡಿದ್ದ. ದುಡಿಯುವ ಮೈಗೆ ಒಂದು ಪೌಂಡ್ ಸಾಲದು ಎಂದಷ್ಟೇ ಹೇಳಿ ಅವನು ಸುಮ್ಮನಾಗಲಿಲ್ಲ. ಬರೀ ಧಾನ್ಯ ಸಾಲದು, ಬೇಳೆಕಾಳು ಬೇಕು, ತರಕಾರಿ ಬೇಕು ಎಂದೂ ಪಟ್ಟು ಹಿಡಿದ. ಪತ್ರಗಳ ಕಾದಾಟ ತಿಂಗಳುಗಟ್ಟಲೆ ನಡೆದು, ಅದೇ ವರ್ಷ ಮದ್ರಾಸ್ ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು. ಇಂದಿನ ಲೆಕ್ಕದಲ್ಲಿ ನೋಡಿದರೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಹೆಚ್ಚೆಂದರೆ 1,600 ಕಿಲೊಕ್ಯಾಲೊರಿ ಶಕ್ತಿ ಕೊಡುತ್ತದೆ. ಕಷ್ಟದ ದುಡಿಮೆ ಮಾಡುವ ಗಂಡಾಳಿಗೆ ದಿನಕ್ಕೆ 3,470 ಕಿಲೊಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ಟೆಂಪಲ್ ಕೊಟ್ಟದ್ದು ಅದರ ಅರ್ಧಕ್ಕೂ ಕಡಿಮೆ.

ವಿಟಮಿನ್ ಎಂಬ ಹೆಸರೇ ಹುಟ್ಟಿರದ ಕಾಲವದು; ಕ್ಯಾಸಿಮಿರ್ ಫಂಕ್ ಆ ಹೆಸರಿಟ್ಟದ್ದು 1912ರಲ್ಲಿ. ಆದರೂ ಕಾರ್ನಿಷ್ ಎತ್ತಿದ ಪ್ರಶ್ನೆಗಳು ಎರಡು ಬಗೆಯವು: ಎಷ್ಟು ಉಣ್ಣಬೇಕು, ಏನು ಉಣ್ಣಬೇಕು. ಈ ಸೀಮೆಯಲ್ಲಿ ಮೊದಲನೆಯ ಪ್ರಶ್ನೆಯನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. ಎರಡನೆಯದರಲ್ಲಿ ಈಗಲೂ ಸೋಲುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟಕ್ಕೆ, 15ರಿಂದ 49ರ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟಕ್ಕೆ ರಕ್ತಹೀನತೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇವೇ ಅಂಕಿಗಳು 60.9 ಮತ್ತು 44.8 ಇದ್ದವು. ಅನ್ನಭಾಗ್ಯದ ಅಕ್ಕಿ 2013ರಿಂದ ಮನೆಮನೆಗೆ ಬರುತ್ತಿರುವಾಗಲೇ ರಕ್ತಹೀನತೆ ಏರಿದೆ.

ಮೈಗೆ ಏನೇನು ಬೇಕು ಎಂಬುದನ್ನು ಒಮ್ಮೆ ಎಣಿಸಿ ನೋಡಬಹುದು. ನಾವು ತಿಂದದ್ದನ್ನು ಒಡೆದು, ಬೇಕಾದ ಹೆಚ್ಚಿನ ವಸ್ತುಗಳನ್ನು ಮೈ ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳಲಾಗದ ಕೆಲವನ್ನು ಹೊರಗಿನಿಂದಲೇ ಕೊಡಬೇಕು. ಅವೇ ಅತ್ಯಗತ್ಯ ಪೋಷಕಾಂಶಗಳು. ಪ್ರೋಟೀನನ್ನು ಕಟ್ಟುವ ಇಪ್ಪತ್ತು ಅಮೈನೊ ಆಮ್ಲಗಳಲ್ಲಿ ಒಂಬತ್ತು ಆ ಸಾಲಿಗೆ ಸೇರಿದವು. ಕೊಬ್ಬಿನಲ್ಲಿ ಲಿನೊಲೆಯಿಕ್ ಮತ್ತು ಆಲ್ಫಾ ಲಿನೊಲೆನಿಕ್ ಎಂಬ ಎರಡು ಆಮ್ಲಗಳು. ವಿಟಮಿನ್‌ಗಳು ಹದಿಮೂರು. ಸುಣ್ಣದಂಶ, ಕಬ್ಬಿಣ, ಸತು, ಅಯೋಡಿನ್‌ನಂಥ ಖನಿಜಗಳು ಹದಿನೈದರ ಮೇಲೆ. ನೀರಂತೂ ಸರಿಯೇ. ಹಿಟ್ಟು, ಸಕ್ಕರೆ, ಎಣ್ಣೆ ಕೊಡುವ ಶಕ್ತಿ ಒಂದರಿಂದೊಂದಕ್ಕೆ ಬದಲಾದೀತು. ಈ ಅತ್ಯಗತ್ಯಗಳು ಹಾಗಲ್ಲ, ಕಬ್ಬಿಣ ಕಡಿಮೆಯಾದರೆ ಸುಣ್ಣದಂಶ ಆ ಜಾಗ ತುಂಬುವುದಿಲ್ಲ. ಕೊರತೆಯಾದಾಗ ಹೊಟ್ಟೆ ಹಸಿದು ತಿಳಿಸುವುದೂ ಇಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ ತುಂಗಭದ್ರೆಯ ಹಿನ್ನೀರಿನ ದಡದ ಊರು. ಇಲ್ಲಿಂದ ಹಡಗಲಿ, ಕೊಟ್ಟೂರಿನವರೆಗೂ ಊಟವೆಂದರೆ ಬಿಳಿಜೋಳದ ರೊಟ್ಟಿಯೇ ಆಗಿತ್ತು. ಕೂಡ್ಲಿಗಿ, ಹರಪನಹಳ್ಳಿ ಕಡೆ ರಾಗಿ ಮುದ್ದೆಯೂ ಜೊತೆಗಿತ್ತು. ಮಳೆ ಕೈಕೊಟ್ಟ ವರ್ಷ ನವಣೆ, ಸಜ್ಜೆ ಕೈಹಿಡಿಯುತ್ತಿದ್ದವು. ರೊಟ್ಟಿಯ ತಟ್ಟೆಯಲ್ಲಿ ಎಂದೂ ರೊಟ್ಟಿಯೊಂದೇ ಇರುತ್ತಿರಲಿಲ್ಲ: ಹೆಸರು, ಮಡಿಕೆ, ಅಲಸಂದೆಯ ಕಾಳುಪಲ್ಯ, ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪು, ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿ, ಹಸಿ ಉಳ್ಳಾಗಡ್ಡಿ, ಹಕ್ಕರಿಕೆ, ಮೂಲಂಗಿ ಎಲೆ, ಮೇಲೆ ಮಜ್ಜಿಗೆ. ಬಡವರ ಮನೆಯಲ್ಲಿ ಇವೆಲ್ಲ ಒಟ್ಟಿಗೆ ಇರುತ್ತಿದ್ದವೆಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಮನೆಗಳಲ್ಲಿ ರೊಟ್ಟಿ, ಖಾರ, ಉಳ್ಳಾಗಡ್ಡಿಗಳಲ್ಲೇ ದಿನ ಕಳೆದಿದೆ. ಇದ್ದಾಗ ಮಾತ್ರ ಆ ಜೋಡಣೆ ಎಷ್ಟು ಗಟ್ಟಿಯದೆಂದು ಪ್ರಯೋಗಾಲಯದ ಕೋಷ್ಟಕಗಳು ತೋರಿಸುತ್ತವೆ.

ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಂ ಪ್ರೋಟೀನ್ ಇದೆ, ಅಕ್ಕಿಯಲ್ಲಿ ಎಂಟು. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅತ್ಯಗತ್ಯ ಅಮೈನೊ ಆಮ್ಲ ತೀರಾ ಕಡಿಮೆ. ನೂರು ಗ್ರಾಂ ಪ್ರೋಟೀನಿಗೆ ನಾಲ್ಕೂವರೆ ಗ್ರಾಂ ಲೈಸಿನ್ ಬೇಕು; ಜೋಳದಲ್ಲಿ ಸಿಗುವುದು ಎರಡು ಗ್ರಾಂ ಚಿಲ್ಲರೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಅದನ್ನು ಧಾನ್ಯ ತುಂಬಿಕೊಡುತ್ತದೆ. ರೊಟ್ಟಿ ಮತ್ತು ಕಾಳುಪಲ್ಯ ಒಂದೇ ದಿನ ಹೊಟ್ಟೆಗೆ ಬಿದ್ದರೆ ಎರಡರ ಕೊರತೆಯೂ ನೀಗುತ್ತದೆ. ಇನ್ನು ಕೊಬ್ಬು. ಅಗಸಿಯಲ್ಲಿ ಆಲ್ಫಾ ಲಿನೊಲೆನಿಕ್ ಆಮ್ಲ ಹೇರಳ. ಸಸ್ಯಾಹಾರಿಗಳಿಗೆ ಅದಕ್ಕಿಂತ ಒಳ್ಳೆಯ ಮೂಲ ಸಿಗುವುದು ಕಷ್ಟ. ಗುರೆಳ್ಳು, ಕುಸುಬೆಗಳಲ್ಲಿ ಲಿನೊಲೆಯಿಕ್ ತುಂಬಿದೆ. ಹಿಂಡಿಯ ಎರಡು ಚಮಚೆಯಲ್ಲಿ ಎರಡೂ ಅತ್ಯಗತ್ಯ ಕೊಬ್ಬುಗಳಿವೆ. ಊಟದಲ್ಲಿ ಎಣ್ಣೆಯಂಶ ಇದ್ದರೆ ತಾನೇ ಸೊಪ್ಪಿನ ಕೆರೋಟಿನ್ ಮೈಗೆ ಹೀರಿ ವಿಟಮಿನ್ ಎ ಆಗುವುದು. ಉಳ್ಳಾಗಡ್ಡಿ, ಹಸಿ ಎಲೆಗಳನ್ನು ಬೇಯಿಸದೆ ತಿನ್ನುವುದರಿಂದ ಬಿಸಿಗೆ ಹಾಳಾಗುವ ವಿಟಮಿನ್ ಸಿ ಉಳಿಯುತ್ತದೆ.

ಹಾಗೆಂದು ಜೋಳವನ್ನು ಹಾಡಿಹೊಗಳಿ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಜೋಳವೊಂದನ್ನೇ ನಂಬಿದ ಬಡವರನ್ನು ದಖ್ಖನ್ ಪ್ರಸ್ಥಭೂಮಿಯಲ್ಲಿ ಪೆಲಾಗ್ರಾ ಎಂಬ ಕಾಯಿಲೆ ಕಾಡಿದ್ದಿದೆ. ಬಿಸಿಲು ತಾಗುವ ಕೈ, ಕಾಲು, ಕೊರಳಿನ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿ ಭ್ರಮಣೆಯಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳ ತಿನ್ನುವ ಬಡವರಲ್ಲಿ ಇದೇ ಕಾಯಿಲೆ ಹಬ್ಬಿದಾಗ, ಅದು ಅಂಟುರೋಗವೆಂದು ಹೆಚ್ಚಿನವರು ನಂಬಿದ್ದರು. 1914ರಲ್ಲಿ ತನಿಖೆಗೆ ಇಳಿದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅದು ಊಟದ ಕೊರತೆಯೆಂದು ಸಾಧಿಸಿ ತೋರಿಸಿದ. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್, ಕೊರತೆಯಾಗಿರುವುದು ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಎಂದು ಕಂಡುಕೊಂಡ. ಮೆಕ್ಕೆಜೋಳದಲ್ಲಿ ನಿಯಾಸಿನ್ ಇದ್ದರೂ ಕರುಳಿಗೆ ದಕ್ಕದಂತೆ ಬಿಗಿದುಕೊಂಡಿರುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿದರೆ ಬಿಡುಗಡೆಯಾಗುತ್ತದೆ. ಮೆಕ್ಸಿಕೊದ ಜನ ಸಾವಿರಾರು ವರ್ಷಗಳಿಂದ ಹಾಗೆಯೇ ಬೇಯಿಸಿ ತಿಂದದ್ದರಿಂದ ಈ ಕಾಯಿಲೆಯಿಂದ ಪಾರಾಗಿದ್ದರು.

ಆದರೆ ನಮ್ಮ ಜೋಳದ ಕತೆ ಬೇರೆ. ಅದರಲ್ಲಿರುವ ನಿಯಾಸಿನ್ ಅಕ್ಕಿಯದಕ್ಕಿಂತ ಕಡಿಮೆಯಲ್ಲ. ಆದರೂ ಅಕ್ಕಿ ಉಣ್ಣುವವರಿಗೆ ಬಾರದ ಪೆಲಾಗ್ರಾ ಜೋಳ ತಿನ್ನುವವರಿಗೆ ಏಕೆ ಬಂತು? 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿ ಹೆಚ್ಚು, ನೂರಕ್ಕೆ ಹನ್ನೆರಡರ ಆಸುಪಾಸು. ಮೈ ಟ್ರಿಪ್ಟೊಫ್ಯಾನ್‌ನಿಂದ ತಾನೇ ಸ್ವಲ್ಪ ನಿಯಾಸಿನ್ ಮಾಡಿಕೊಳ್ಳುತ್ತದೆ, 60 ಮಿಲಿಗ್ರಾಂಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ. ಅತಿಯಾದ ಲ್ಯೂಸಿನ್ ಆ ಕೆಲಸಕ್ಕೆ ಅಡ್ಡ ಬರುತ್ತದೆ ಎಂಬುದು ಅವರ ವಾದ. ಮುಂದೆ ಈ ವಾದಕ್ಕೆ ಪ್ರತಿವಾದಗಳೂ ಬಂದವು. ಲ್ಯೂಸಿನ್ ಎಷ್ಟು ಕಾರಣ, ಒಟ್ಟಾರೆ ಊಟದ ಬಡತನ ಎಷ್ಟು ಕಾರಣ ಎಂಬ ಚರ್ಚೆ ಪೂರ್ತಿ ಬಗೆಹರಿದಿಲ್ಲ. ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ರೊಟ್ಟಿಯ ಜೊತೆ ಶೇಂಗಾ, ಕಾಳು, ಹಾಲು ಇದ್ದ ಮನೆಯಲ್ಲಿ ಪೆಲಾಗ್ರಾ ಕಾಲಿಡಲಿಲ್ಲ. ಶೇಂಗಾದಲ್ಲಿ ನಿಯಾಸಿನ್ ಸಮೃದ್ಧ. ಅದನ್ನು ಬೆಳೆದವರೇ ಎಣ್ಣೆಗಾಣಕ್ಕೆ ಮಾರಿ ಬರೀ ರೊಟ್ಟಿ ತಿಂದ ಕಡೆಗಳಲ್ಲಿ ಕಾಯಿಲೆ ನೆಲೆಸಿತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಹಿನ್ನೀರು ಇತ್ತ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಎರೆಹೊಲಗಳನ್ನು ನುಂಗಿತು; ಕಾಲುವೆಯ ನೀರು ಅತ್ತ ಗಂಗಾವತಿ, ಸಿರುಗುಪ್ಪಗಳನ್ನು ಭತ್ತದ ಕಣಜ ಮಾಡಿತು. ಜೋಳದ ನೆಲ ಕಳೆದುಕೊಂಡ ಊರುಗಳು ಬರಬರುತ್ತಾ ಅಕ್ಕಿ ಉಣ್ಣಲು ಕಲಿತವು. ಉಳಿದ ಒಣಬೇಸಾಯದ ಹೊಲಗಳಿಗೆ ಹೈಬ್ರಿಡ್ ಮೆಕ್ಕೆಜೋಳ ಬಂತು. ಹರಪನಹಳ್ಳಿ, ಹಡಗಲಿಗಳಲ್ಲಿ ಈಗ ಕಣ್ಣು ಹಾಯಿಸಿದಲ್ಲೆಲ್ಲ ಅದೇ. ಅದರಲ್ಲಿ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ರೈತನನ್ನು ದೂರಲು ನನಗೆ ಇಷ್ಟವಿಲ್ಲ. ಜೋಳಕ್ಕೆ ಹಕ್ಕಿ ಕಾಟ, ಕೊಯ್ಲಿಗೆ ಆಳಿನ ಕೊರತೆ, ಪೇಟೆಯಲ್ಲಿ ಬೆಲೆಯಿಲ್ಲ. ರೊಟ್ಟಿ ಬಡಿಯಲು ಹೆಂಗಸರಿಗೆ ಬೇಕಾದ ಹೊತ್ತು ಮತ್ತು ತೋಳಿನ ಬಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಲಕ್ಕೆ ಕೂಲಿಗೆ ಹೋಗುವವಳಿಗೆ ಕುಕ್ಕರಿನಲ್ಲಿ ಅಕ್ಕಿ ಇಡುವುದು ಎಷ್ಟೋ ಹಗುರ. ಆದರೆ ಮೆಕ್ಕೆಜೋಳ ಒಂದೇ ಬೆಳೆಯಾಗಿ ಹರಡಿದ ಹೊಲದಲ್ಲಿ, ಜೋಳದ ಸಾಲಿನ ನಡುವೆ ಅಕ್ಕಡಿಯಾಗಿ ಬರುತ್ತಿದ್ದ ತೊಗರಿ, ಅಲಸಂದೆ, ಹೆಸರು, ಗುರೆಳ್ಳುಗಳೂ ಹೋದವು. ಕಳೆನಾಶಕ ಹೊಡೆದಲ್ಲಿ ತಾನಾಗಿ ಹುಟ್ಟುತ್ತಿದ್ದ ಸೊಪ್ಪೂ ಹೋಯಿತು. ಧಾನ್ಯ ಬದಲಾದ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಜೊತೆಗಿದ್ದವು ಹೋದದ್ದನ್ನು ಮಾತ್ರ ಯಾರೂ ಎಣಿಸಿಲ್ಲ.

ಕಬ್ಬಿಣದ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ದಿನಕ್ಕೆ 300 ಗ್ರಾಂ ಜೋಳ ತಿಂದರೆ ಸುಮಾರು 12 ಮಿಲಿಗ್ರಾಂ ಕಬ್ಬಿಣ ಸಿಗುತ್ತದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಎರಡು ಮಿಲಿಗ್ರಾಂ. ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಅವಳಿಗೆ ಹೆಚ್ಚು ಬೇಕಾಗಿದ್ದರೂ ಮನೆಯಲ್ಲಿ ಕೊನೆಗೆ ಉಣ್ಣುವವಳು ಅವಳೇ. ಪಲ್ಯದ ಪಾತ್ರೆ ಅಷ್ಟರಲ್ಲಿ ಬರಿದಾಗಿರುತ್ತದೆ. ಕಾಳು ಧಾನ್ಯಗಳ ಕಬ್ಬಿಣವನ್ನು ಫೈಟೇಟ್ ಎಂಬ ವಸ್ತು ಹಿಡಿದಿಟ್ಟುಕೊಳ್ಳುವುದರಿಂದ ತಿಂದದ್ದರಲ್ಲಿ ಹತ್ತನೆಯ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನೂ ಕಡಿಮೆ ಮಾಡುತ್ತದೆ. ಇದಕ್ಕೆ ಉಪಾಯಗಳು ಅಡಿಗೆಮನೆಯಲ್ಲೇ ಇವೆ. ಮಡಿಕೆ, ಹೆಸರುಕಾಳನ್ನು ಮೊಳಕೆ ಕಟ್ಟಿದರೆ, ಅಂಬಲಿಯನ್ನು ಹುಳಿ ಬರಿಸಿದರೆ ಫೈಟೇಟ್ ಒಡೆಯುತ್ತದೆ. ತಟ್ಟೆಗೆ ನಿಂಬೆಹೋಳು ಹಿಂಡಿದರೆ ಅದರ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ಚಹಾವನ್ನು ಊಟದಿಂದ ಒಂದು ಗಂಟೆ ದೂರ ಇಟ್ಟರೆ ಸಾಕು. ಆದರೆ ಬಸುರಿಯರಿಗೆ, ತೀರಾ ಬಿಳಿಚಿಕೊಂಡವರಿಗೆ ಊಟವೊಂದರಿಂದಲೇ ಆಗುವ ಕೆಲಸವಲ್ಲ. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆಯನ್ನು ನುಂಗಲೇಬೇಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಹೆದರಿ ಬಿಟ್ಟುಬಿಡುವವರಿಗೆ ಅದು ಅಪಾಯವಲ್ಲವೆಂದು ಕೂತು ಹೇಳುವವರು ಬೇಕು.

ಬಿ12 ಸಸ್ಯಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಹಿನ್ನೀರಿನ ಮೀನು ದೊರೆಯುವ ದಂಡೆಯ ಊರುಗಳಲ್ಲಿ ತಿನ್ನುವವರಿಗೆ ಅದು ದೊಡ್ಡ ಆಸರೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದಂಶವೂ ಉಂಟು. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಹಾಲೆಲ್ಲ ಡೇರಿಗೆ ಹೋಗಿ ಚಹಾದಷ್ಟೇ ಉಳಿಯುವುದಾದರೆ ಈ ವಿಟಮಿನ್ನಿಗೆ ದಾರಿಯಿಲ್ಲ. ಅಯೋಡಿನ್ ಕೊರತೆಯನ್ನು ಉಪ್ಪಿನ ಪೊಟ್ಟಣ ಬಹುಮಟ್ಟಿಗೆ ನೀಗಿಸಿದೆ. ವಿಟಮಿನ್ ಎ ಕೊರತೆಯ ಇರುಳುಗಣ್ಣು 1970ರಲ್ಲಿ ಶುರುವಾದ ಹನಿ ಕಾರ್ಯಕ್ರಮದ ನಂತರ ಬಹಳ ತಗ್ಗಿದೆ.

ನೀರಿನ ಬಗ್ಗೆ ಹೇಳದಿದ್ದರೆ ಈ ಸೀಮೆಯ ಪೋಷಣೆಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕೂಡ್ಲಿಗಿ ಸುತ್ತಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಾಗ ಒಂದೂವರೆ ದಾಟಬಾರದು ಎಂಬುದು ನಿಯಮ. ದಾಟಿದರೆ ಮೊದಲು ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಳುರುಳಿದಂತೆ ಬೆನ್ನು, ಕೀಲುಗಳು ಬಿಗಿಯುತ್ತವೆ. ಆಂಧ್ರದಲ್ಲಿದ್ದ ನಲ್ಗೊಂಡ ಜಿಲ್ಲೆಯ ಹುಡುಗರಲ್ಲಿ ಮೊಣಕಾಲು ಒಳಬಾಗುವುದನ್ನು ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ದಾಖಲಿಸಿದರು. ಊಟದಲ್ಲಿ ಸುಣ್ಣದಂಶ ಕಡಿಮೆಯಿದ್ದವರಿಗೆ ಫ್ಲೋರೈಡಿನ ಪೆಟ್ಟು ಜೋರು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದಂಶವಿದೆ. ನುಗ್ಗೆ ಸೊಪ್ಪಿನಲ್ಲೂ 300 ದಾಟುತ್ತದೆ. ಮುದ್ದೆ ಬಿಟ್ಟು ಅನ್ನಕ್ಕೆ ಹೊರಳಿದ ಮನೆಗೆ ಈ ರಕ್ಷಣೆಯೂ ತಪ್ಪಿದೆ. ನದಿಯ ನೀರನ್ನು ಹಳ್ಳಿಗಳಿಗೆ ತರುವ ಕುಡಿಯುವ ನೀರಿನ ಯೋಜನೆಗಳನ್ನು ನಾನು ಪೋಷಣೆಯ ಯೋಜನೆಗಳೆಂದೇ ಎಣಿಸುತ್ತೇನೆ.

ಮಕ್ಕಳ ವಿಷಯದಲ್ಲಿ ಸರ್ಕಾರದ ಕೈ ಉದ್ದವಾಗಿಯೇ ಚಾಚಿದೆ. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾದ 33 ಬ್ಲಾಕ್‌ಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಇತ್ತು. ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಬಂದದ್ದು ಬಳ್ಳಾರಿ ಸೇರಿದ ಈಶಾನ್ಯದ ಏಳು ಜಿಲ್ಲೆಗಳಿಗೆ. 2013ರಲ್ಲಿ ಕ್ಷೀರಭಾಗ್ಯ, 2017ರ ಅಕ್ಟೋಬರಿನಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಪೂರ್ತಿ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುವ ಮಾತೃಪೂರ್ಣ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರ ವಿರೋಧ ಎದ್ದಿತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಇದೆ; ತಿನ್ನುವ ಮಗುವಿನ ಪಾಲನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಒಳ್ಳೆಯ ಪ್ರೋಟೀನ್, ಬಿ12, ವಿಟಮಿನ್ ಎ ಇವೆ.

ಇಷ್ಟಾದರೂ ಈ ಕೈ ತಲುಪದ ಎರಡು ಗಳಿಗೆಗಳಿವೆ. ಒಂದು, ಆರು ತಿಂಗಳಿಂದ ಎರಡು ವರ್ಷ. ಆರು ತಿಂಗಳವರೆಗೆ ತಾಯಿ ಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಬರೀ ಹಾಲು ಸಾಲದು. ಗಟ್ಟಿಯಾದ ಗಂಜಿ, ಹಿಸುಕಿದ ಬೇಳೆ, ಸೊಪ್ಪು, ತುಪ್ಪ ಅಥವಾ ಎಣ್ಣೆ, ಮೊಟ್ಟೆಯ ಚೂರು ದಿನಕ್ಕೆ ಹಲವು ಸಲ ಬಾಯಿಗೆ ಬೀಳಬೇಕು. ಈ ಹೊತ್ತಿನಲ್ಲಿ ಕುಂಠಿತವಾದ ಎತ್ತರ ಶಾಲೆಯ ಬಿಸಿಯೂಟದಿಂದ ಪೂರ್ತಿ ಮರಳುವುದಿಲ್ಲ. ತಿಳಿ ಅನ್ನದ ಗಂಜಿ ಅಥವಾ ಚಹಾದಲ್ಲಿ ಅದ್ದಿದ ಬಿಸ್ಕೀಟು ಮಗುವಿನ ಪುಟ್ಟ ಹೊಟ್ಟೆಯನ್ನು ತುಂಬಿಸಿ, ಬೇಕಾದ್ದಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಇನ್ನೊಂದು, ಗುಳೆ. ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುವ ಕುಟುಂಬದ ಜೊತೆ ಅಂಗನವಾಡಿಯ ಮೊಟ್ಟೆ ಹೋಗುವುದಿಲ್ಲ. ಗದ್ದೆ ಬದಿಯ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಅನ್ನ, ಖಾರವೇ ಊಟ. ಅಲ್ಲಿನ ಅಂಗನವಾಡಿಯಲ್ಲಿ ಈ ಮಗುವಿನ ಹೆಸರನ್ನು ಕೇಳದೆಯೇ ಸೇರಿಸಿಕೊಳ್ಳುವ ವ್ಯವಸ್ಥೆ ಬೇಕು.

ಪಡಿತರದ ಅಕ್ಕಿಗೆ ಇತ್ತೀಚಿನ ವರ್ಷಗಳಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಕಾಳುಗಳನ್ನು ಸೇರಿಸಿದ್ದಾರೆ. ಕಿಲೊಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಎಂಬುದು ಅದರ ಮಾನದಂಡ. ಪ್ಲಾಸ್ಟಿಕ್ ಅಕ್ಕಿ ಎಂದು ಅನುಮಾನಿಸಿ ಆರಿಸಿ ಎಸೆಯುವವರಿದ್ದಾರೆ, ಎಸೆಯಬೇಕಿಲ್ಲ. 300 ಗ್ರಾಂ ಅಕ್ಕಿಯಲ್ಲಿ ಎಂಟರಿಂದ ಹದಿಮೂರು ಮಿಲಿಗ್ರಾಂ ಸಿಕ್ಕರೆ ಅದು ಜೋಳದಲ್ಲಿದ್ದಷ್ಟೇ ಆಗುತ್ತದೆ. ಆದರೆ ಜೋಳದ ನಾರು, ಸತು, ಮೆಗ್ನೀಸಿಯಂ ಅದರಲ್ಲಿ ಬರುವುದಿಲ್ಲ. ಸಿರಿಧಾನ್ಯದ ವರ್ಷವೆಂದು 2023ರಲ್ಲಿ ನಡೆದ ಸಂಭ್ರಮದಿಂದ ನಗರದ ಅಂಗಡಿಗಳಲ್ಲಿ ನವಣೆಯ ಬೆಲೆ ಏರಿತು. ಬೆಳೆಯುವ ಊರಿನ ಕೂಲಿಯವಳ ತಟ್ಟೆಗೆ ಅದು ಮರಳಿದ್ದು ಅಪರೂಪ.

2024ರಲ್ಲಿ ಪೋಷಣಾ ಸಂಸ್ಥೆ ಹೊರತಂದ ಮಾರ್ಗಸೂಚಿ 2,000 ಕಿಲೊಕ್ಯಾಲೊರಿಯ ಒಂದು ದಿನದ ಊಟವನ್ನು ಹೀಗೆ ಹಂಚುತ್ತದೆ: ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85, ಎಣ್ಣೆಬೀಜಗಳು 35, ಜೊತೆಗೆ ಹಾಲು ಮತ್ತು ಮಿತವಾದ ಎಣ್ಣೆ. ಪಡಿತರ ಅಂಗಡಿ ಬಹುಮಟ್ಟಿಗೆ ಈ ಪಟ್ಟಿಯ ಮೊದಲ ಸಾಲನ್ನಷ್ಟೇ ತುಂಬುತ್ತಾ ಬಂದಿದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿತು. ದಿಕ್ಕು ಸರಿಯಿದೆ, ಅಳತೆ ಸಾಲದು. ತಿಂಗಳಿಗೆ ಒಂದು ಕಿಲೊ ಬೇಳೆಯನ್ನು ನಾಲ್ವರ ಮನೆಗೆ ಹಂಚಿದರೆ ದಿನಕ್ಕೆ ತಲೆಗೆ ಎಂಟು ಗ್ರಾಂ ಬರುತ್ತದೆ, ಬೇಕಾದದ್ದರ ಹತ್ತರಲ್ಲಿ ಒಂದು ಪಾಲು. ಸಕ್ಕರೆಯಿಂದ ಯಾವ ಅತ್ಯಗತ್ಯವೂ ಸಿಗುವುದಿಲ್ಲ. ಆ ಜಾಗದಲ್ಲಿ ಕೂಡ್ಲಿಗಿ, ಕೊಟ್ಟೂರಿನ ರೈತರಿಂದ ಬೆಂಬಲ ಬೆಲೆಗೆ ಕೊಂಡ ಶೇಂಗಾ ಹಾಕಿದರೆ ಪ್ರೋಟೀನ್, ಕೊಬ್ಬು, ನಿಯಾಸಿನ್ ಮೂರೂ ಒಂದೇ ಚೀಲದಲ್ಲಿ ಬರುತ್ತವೆ. ಜೋಳ ಕೇಳುವ ಮನೆಗೆ ಅಕ್ಕಿಯ ಬದಲು ಜೋಳ, ಬೇಳೆ ತಲೆಗೆ ತಿಂಗಳಿಗೆ ಕನಿಷ್ಠ ಒಂದು ಕಿಲೊ, ಶೇಂಗಾ ಅರ್ಧ ಕಿಲೊ: ಮುಂದಿನ ಬಜೆಟ್ಟಿನ ಹೊತ್ತಿಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ತಾಲ್ಲೂಕುಗಳ ಶಾಸಕರು ಕೇಳಬೇಕಾದದ್ದು ಇಷ್ಟು.